ತಪ್ಪು ನಿಮ್ಮ ಅಕ್ಕನದ್ದಲ್ಲ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ ಬಂದಿದೆ. ಅವರ ಅಕ್ಕನ ಏಳು ವರ್ಷದ ಮಗನಿಗೆ ತೀವ್ರ ಸ್ವರೂಪದ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ ಇದೆ. ಅಕ್ಕ ಕೆಲಸಕ್ಕೆ ಹೋದಾಗ ಹುಡುಗನನ್ನು ನೋಡಿಕೊಳ್ಳುವುದು ಅವರ ಅತ್ತೆ. ಹೋದ ತಿಂಗಳು ಮೊಣಕಾಲು ಊದಿಕೊಂಡಾಗ ಅತ್ತೆ ಎಣ್ಣೆ ಹಚ್ಚಿ ನೀವಿ, ಬಿಸಿ ಶಾಖ ಕೊಟ್ಟರಂತೆ. ಊತ ಇನ್ನೂ ಜಾಸ್ತಿಯಾಯಿತು. "ಇದು ನಿನ್ನ ತವರಿನಿಂದ ಬಂದ ರೋಗ" ಎಂಬ ಮಾತು ಆ ಮನೆಯಲ್ಲಿ ದಿನವೂ ಇದ್ದದ್ದೇ. ಈಗ ತಂಗಿಗೆ ಗಂಡು ನೋಡುತ್ತಿದ್ದಾರೆ. ಹುಡುಗನ ವಿಷಯ ಬಾಯಿ ಬಿಡಬೇಡಿ ಅಂತ ದೊಡ್ಡಪ್ಪ ಹೇಳಿದ್ದಾರೆ. "ಮುಚ್ಚಿಡೋದು ಸರಿಯಾ ಸರ್? ನಾಳೆ ನನ್ನ ಮಕ್ಕಳಿಗೂ ಬರುತ್ತಾ?" ಎಂದು ಕೇಳಿದ್ದಾರೆ. ಹೆಸರು ಬೇಡ ಎಂದಿದ್ದರಿಂದ ಹಾಕಿಲ್ಲ.

ಆತ್ಮೀಯರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಕ್ಕನ ಮಗನಿಗಿರುವ ದೋಷ ನಿಮ್ಮಿಂದ ನಿಮ್ಮ ಮಕ್ಕಳಿಗೆ ಹೋಗುವುದಿಲ್ಲ. ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅಂದರೆ ತಂದೆತಾಯಿಯಿಂದ ಮಕ್ಕಳಿಗೆ ಬರುವ ವಂಶವಾಹಿ ಎಳೆಗಳಲ್ಲಿ ಒಂದರಲ್ಲಿ. ಗಂಡಸಿಗೆ ಇರುವುದು ಒಂದೇ ಎಕ್ಸ್. ನಿಮ್ಮದರಲ್ಲಿ ಇಂಥ ತೀವ್ರ ದೋಷ ಇದ್ದಿದ್ದರೆ ಅಂಬೆಗಾಲಿಡುವ ವಯಸ್ಸಿನಲ್ಲೇ ಮೈಮೇಲೆ ನೀಲಿ ಕಲೆ, ಊತ ಕಾಣಿಸಿ ಗೊತ್ತಾಗಿಬಿಡುತ್ತಿತ್ತು. ಹೆಂಗಸರಿಗೆ ಎರಡು ಎಕ್ಸ್ ಇರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಹಾಗಾಗಿ ತನ್ನಲ್ಲಿ ದೋಷವಿದೆ ಎಂದು ಎಷ್ಟೋ ತಾಯಂದಿರಿಗೆ ಮಗ ಹುಟ್ಟುವ ತನಕ ಗೊತ್ತೇ ಇರುವುದಿಲ್ಲ.

ಅಕ್ಕನ ಮೇಲೆ ಹೊರಿಸುತ್ತಿರುವ ತಪ್ಪಿನ ಬಗ್ಗೆ ಖಂಡಿತವಾಗಿ ಒಂದು ಮಾತು. ಹಿಮೋಫಿಲಿಯಾ ಇರುವ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ಅದು ಇದ್ದ ಸುಳಿವೇ ಇರುವುದಿಲ್ಲ. ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್‌ಗೆ ಹಿಮೋಫಿಲಿಯಾ ಇತ್ತು. ರಾಣಿಯ ಮಗಳ ಕಡೆಯಿಂದ ಅದು ರಷ್ಯಾದ ರಾಜಕುಮಾರ ಅಲೆಕ್ಸಿಯವರೆಗೂ ಹೋಯಿತು. ಆದರೆ ರಾಣಿಯ ಹಿಂದಿನವರಲ್ಲಿ ಯಾರಿಗೂ ಇದ್ದ ದಾಖಲೆಯಿಲ್ಲ. ನಿಮ್ಮ ಅಕ್ಕ ಬಸುರಿಯಾಗಿದ್ದಾಗ ಏನೋ ತಿಂದದ್ದು, ಎಲ್ಲೋ ಹೋದದ್ದು, ಯಾವುದೋ ಹರಕೆ ತೀರಿಸದೆ ಬಿಟ್ಟದ್ದು, ಯಾವುದೂ ಇದಕ್ಕೆ ಕಾರಣವಲ್ಲ. ಮಗುವಿಗೆ ಯಾವ ಎಕ್ಸ್ ಹೋಗಬೇಕು ಎಂದು ಆರಿಸುವುದು ಯಾವ ತಾಯಿಯ ಕೈಯಲ್ಲೂ ಇಲ್ಲ.

ಹಾಗಂತ ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರನ್ನು ಹೊರಗಿಟ್ಟು ಆ ಹುಡುಗನನ್ನು ಕಾಪಾಡಲು ಆಗುವುದಿಲ್ಲ. ಅವನು ಬಿದ್ದಾಗ ಮನೆಯಲ್ಲಿ ಇರುವುದು ಅವರೇ ಅಲ್ವಾ? ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದಲೇ ಕೇಳಲಿ. ಅವರು ಶಾಖ ಕೊಟ್ಟದ್ದು ಪ್ರೀತಿಯಿಂದಲೇ. ಆದರೆ ಕೀಲಿನ ಒಳಗೆ ರಕ್ತ ಸೋರುತ್ತಿರುವಾಗ ಬಿಸಿ ಇಟ್ಟರೆ, ನೀವಿದರೆ ಸೋರಿಕೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ಕಾಲು ಎತ್ತರಿಸಿ ಅಲ್ಲಾಡದಂತೆ ಇಡಬೇಕು. ಆದಷ್ಟು ಬೇಗ ಫ್ಯಾಕ್ಟರ್ 8, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ, ಇವನಲ್ಲಿ ಕೊರತೆಯಿರುವ ಅಂಶದ ಇಂಜೆಕ್ಷನ್ ಕೊಡಿಸಬೇಕು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಜ್ವರ ಅಂತ ಹೋದಾಗ ಸೊಂಟಕ್ಕೆ ಸೂಜಿ ಚುಚ್ಚಲು ಬಿಡಬೇಡಿ. ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ. ತಲೆಗೆ ಪೆಟ್ಟು ಬಿದ್ದರಂತೂ ಊತಕ್ಕೆ, ವಾಂತಿಗೆ ಕಾಯಬಾರದು. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.

ಊತ ಕಾಣುವ ಮೊದಲೇ ಮಕ್ಕಳಿಗೆ ಗೊತ್ತಾಗುತ್ತದೆ. ಕೀಲಿನ ಒಳಗೆ ಜುಮ್ ಜುಮ್ ಅನ್ನುತ್ತದೆ, ಬೆಚ್ಚಗೆ ಆದ ಹಾಗಾಗುತ್ತದೆ. ಹುಡುಗ ಹಾಗೆ ಅಂದರೆ ಸ್ಕೂಲಿಗೆ ಹೋಗದಿರಲು ನೆಪ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ಆ ಹೊತ್ತಿಗೇ ಇಂಜೆಕ್ಷನ್ ಬಿದ್ದರೆ ಕೀಲು ಉಳಿಯುತ್ತದೆ. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ರಕ್ತ ಸೋರಿದರೆ ಅದು ಕ್ರಮೇಣ ಸವೆದು ಕಾಲು ಮಡಿಸಲೂ ಬಾರದ ಹಾಗಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ. ಸುಮ್ನೆ ತಡ ಮಾಡಿದ್ದಕ್ಕೆ ಊರುಗೋಲು ಹಿಡಿದ ಯುವಕರು ನಮ್ಮ ನಡುವೆ ಇದ್ದಾರೆ.

ಇಂಜೆಕ್ಷನ್ ಹಾಕುವುದನ್ನು ಮನೆಯವರೂ ಕಲಿಯಬಹುದು. ಒಬ್ಬ ತಾಯಿ ಅದನ್ನು ಮಾಡುವುದನ್ನು ನೋಡಿದ್ದೇನೆ. ಒಂದು ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ನೀರು. ನೀರನ್ನು ಪುಡಿಗೆ ಬಿಟ್ಟು, ಕುಲುಕದೆ, ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿದರು. ತಿಳಿಯಾದ ಮೇಲೆ ಸಿರಿಂಜಿಗೆ ಎಳೆದು, ಮಗನ ಕೈಯ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರು. ಓದಿದ್ದು ಏಳನೇ ಕ್ಲಾಸ್. ಕೈ ಒಂದಿಷ್ಟೂ ನಡುಗಲಿಲ್ಲ.

ಈಗ ಎಲ್ಲಿ ಹೋಗಬೇಕು ಎಂಬುದು. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಸ್ಟಾಕ್ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ನಿಮಗೆ ದಾವಣಗೆರೆ ದೂರವಲ್ಲ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಹಿಮೋಫಿಲಿಯಾ ಇದೆ. ಇದೇ ರೋಗ ಇಟ್ಟುಕೊಂಡು ಓದಿ ಡಾಕ್ಟರಾದವರು ಎಂದು ನಿಮ್ಮ ಅಕ್ಕನ ಮಗನಿಗೆ ಹೇಳಿ. ವಾರಕ್ಕೋ ತಿಂಗಳಿಗೋ ಒಮ್ಮೆ ಚರ್ಮದ ಕೆಳಗೆ ಕೊಡುವ, ರಕ್ತಸ್ರಾವ ಆಗದಂತೆ ತಡೆಯುವ ಎಮಿಸಿಜುಮಾಬ್ ಎಂಬ ಔಷಧಿಯೂ ಹಿಮೋಫಿಲಿಯಾ ಎ ಇರುವವರಿಗಾಗಿ ಬಂದಿದೆ. ದುಬಾರಿ, ಆದರೂ ಡಾಕ್ಟರನ್ನು ಕೇಳಿ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ ಕೂಡ ಸೇರಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ.

ಇನ್ನು ತಂಗಿಯ ಮದುವೆ. ಮುಚ್ಚಿಡಬೇಡಿ. ಆದರೆ ಹೇಳುವ ಮುಂಚೆ ಪರೀಕ್ಷೆ ಮಾಡಿಸಿ. ನಿಮ್ಮ ತಾಯಿಯಲ್ಲಿ ದೋಷ ಇದ್ದರೆ ಮಾತ್ರ ತಂಗಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ತಾಯಿಯಲ್ಲಿ ಇಲ್ಲದಿದ್ದರೆ ತಂಗಿಗೆ ಬಂದಿರುವ ಸಂಭವ ತೀರಾ ಕಡಿಮೆ. ಮೊದಲು ಹುಡುಗನ ಜೀನ್‌ನಲ್ಲಿ ದೋಷ ಎಲ್ಲಿದೆ ಎಂದು ಪತ್ತೆ ಮಾಡಿ, ಆಮೇಲೆ ಅಕ್ಕ, ಅಮ್ಮ, ತಂಗಿಯ ರಕ್ತದಲ್ಲಿ ಅದನ್ನೇ ಹುಡುಕುತ್ತಾರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆ. ಬರೀ ಫ್ಯಾಕ್ಟರ್ ಮಟ್ಟ ನೋಡಿ "ನಾರ್ಮಲ್" ಅಂದರೆ ಸಾಲದು. ದೋಷ ಇದ್ದವರಲ್ಲೂ ಅದು ನಾರ್ಮಲ್ ಇರಬಹುದು.

ಇದು ಗಂಡಿನವರಿಗೋಸ್ಕರ ಮಾತ್ರ ಮಾಡಿಸುವ ಪರೀಕ್ಷೆಯಲ್ಲ. ದೋಷ ಹೊತ್ತ ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ, ಹೆರಿಗೆಯಲ್ಲಿ, ಹಲ್ಲು ಕೀಳಿಸಿದಾಗ ರಕ್ತ ತುಂಬಾ ಹೋಗುತ್ತದೆ. ತಂಗಿಗೆ ಮುಟ್ಟಿನ ತೊಂದರೆ ಇದೆಯಾ ಎಂದು ಅಮ್ಮನ ಕೈಯಲ್ಲಿ ಕೇಳಿಸಿ. ದೋಷ ಇದೆ ಎಂದೇ ಬಂದರೂ ಅವಳು ಮದುವೆಯಾಗಬಹುದು, ಮಕ್ಕಳನ್ನೂ ಪಡೆಯಬಹುದು. ಬಸಿರಿನಲ್ಲೇ ಪರೀಕ್ಷೆ ಮಾಡುವ ದಾರಿಯಿದೆ. ಹೆರಿಗೆ ಎಲ್ಲಿ ಆಗಬೇಕು ಎಂದು ಮೊದಲೇ ತೀರ್ಮಾನಿಸಬಹುದು.

ರಿಪೋರ್ಟ್ ಕೈಗೆ ಬಂದ ಮೇಲೆ, ನಿಶ್ಚಿತಾರ್ಥಕ್ಕೆ ಮೊದಲು, ತಂಗಿ ಒಪ್ಪಿದರೆ ಮದುವೆಯಾಗುವ ಹುಡುಗನ ಹತ್ತಿರ ನೇರವಾಗಿ ಮಾತಾಡಿ. ಹಿರಿಯರ ಸಭೆಯಲ್ಲಿ ಬೇಡ. ದೊಡ್ಡಪ್ಪನವರಿಗೆ ಈ ಪುಟ ಓದಿ ಹೇಳಿ. ಒಪ್ಪದಿದ್ದರೆ ಮತ್ತೆ ಬರೆಯಿರಿ, ಬೇಕಾದರೆ ಅವರ ಹೆಸರಿಗೇ ಒಂದು ಕಾಗದ ಹಾಕುತ್ತೇನೆ.

— ಸಂಪಾದಕ