ಗಂಡ ಮಿಲಿಟರಿಯಲ್ಲಿದ್ದಾರೆ, ಡೈವೋರ್ಸ್‌ಗೆ ಛಾಪಾ ಕಾಗದ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗಂಡ ಸೈನ್ಯದಲ್ಲಿ ಹವಾಲ್ದಾರ್, ಈಗ ಗಡಿ ಕಡೆ ಪೋಸ್ಟಿಂಗ್. ನೀವು ಮೂರು ವರ್ಷದಿಂದ ಮಗಳ ಜೊತೆ ಪೊನ್ನಂಪೇಟೆ ಹತ್ತಿರ ತವರಿನಲ್ಲಿದ್ದೀರಿ. ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿಲ್ಲ. ಛಾಪಾ ಕಾಗದದಲ್ಲಿ ಬರೆದು ಮುಗಿಸೋಣ ಅಂತ ಎರಡೂ ಮನೆಯ ಹಿರಿಯರು ಹೇಳುತ್ತಿದ್ದಾರೆ. ಮಿಲಿಟರಿ ಸಂಬಳಕ್ಕೆ ಯಾವ ಕೋರ್ಟೂ ಕೈ ಹಾಕುವ ಹಾಗಿಲ್ಲ ಅಂತ ಯಾರೋ ಹೆದರಿಸಿದ್ದಾರೆ. ಅವರಿಗೆ ರಜೆ ಸಿಗದಿದ್ದರೆ ಕೇಸು ಏನಾಗುತ್ತೆ, ಪಿಂಚಣಿಯಲ್ಲಿ ಪಾಲು ಬರುತ್ತಾ, ಕಾರ್ಡುಗಳನ್ನು ಏನು ಮಾಡಬೇಕು ಅಂತಲೂ ಕೇಳಿದ್ದೀರಿ.

ನಾನು ವಕೀಲ ಅಲ್ಲ. ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು, ಈಗ ಗೋಣಿಕೊಪ್ಪ ಕಡೆ ತೋಟ ನೋಡಿಕೊಂಡಿದ್ದೇನೆ. ಇಂಥ ಕಾಗದಗಳೆಲ್ಲ ಯೂನಿಟ್ ಆಫೀಸಿನಲ್ಲಿ ನನ್ನ ಮೇಜು ದಾಟಿಯೇ ಹೋಗುತ್ತಿದ್ದವು. ಹಾಗಾಗಿ ಕೋರ್ಟಿನ ಒಳಗಿನದಕ್ಕಿಂತ ಕೋರ್ಟಿಗೂ ಯೂನಿಟ್‌ಗೂ ನಡುವೆ ಆಗುವುದು ನನಗೆ ಚೆನ್ನಾಗಿ ಗೊತ್ತು. ಹೆಚ್ಚಿನವರು ಕಷ್ಟಪಡುವುದೂ ಅಲ್ಲೇ.

ಛಾಪಾ ಕಾಗದದ ವಿಷಯ ಮೊದಲು. ನಮ್ಮ ಕೊಡಗಿನ ಕಡೆ ಸಂಬಂಧ ಕೂಡಿಸುವಾಗ ಅರುವರು, ಅಂದರೆ ಎರಡೂ ಮನೆಯ ಪರವಾಗಿ ಮಾತಾಡುವ ಹಿರಿಯರು, ಮುಂದೆ ನಿಂತು ಮಾತಾಡುತ್ತಾರೆ. ಮುರಿಯುವಾಗಲೂ ಹಿರಿಯರ ಮಾತೇ ಸಾಕು ಅಂತ ಅನ್ನಿಸುವುದು ಸಹಜ. ರೂಢಿಯ ಪ್ರಕಾರ ಆದ ಬಿಡುಗಡೆಗೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 29ರಲ್ಲಿ ಜಾಗವೂ ಇದೆ. ಆದರೆ ಅಂಥ ರೂಢಿ ನಿಜವಾಗಿ ಇದೆ ಅಂತ ಸಾಬೀತು ಮಾಡುವ ಹೊರೆ ಹೇಳುವವರ ಮೇಲೇ ಬೀಳುತ್ತದೆ. ಯೂನಿಟ್‌ನವರು ಆ ತಕರಾರಿಗೆ ಹೋಗುವುದೇ ಇಲ್ಲ. ಮದುವೆ, ಮಗು ಹುಟ್ಟಿದ್ದು, ವಿಚ್ಛೇದನ, ಎಲ್ಲವೂ ಪಾರ್ಟ್ ಟು ಆರ್ಡರ್ ಆಗಿ, ಅಂದರೆ ಸೈನಿಕನ ಸೇವಾ ದಾಖಲೆಗೆ ಸೇರುವ ಯೂನಿಟ್ ಆದೇಶವಾಗಿ, ದಾಖಲಾಗಬೇಕು. ವಿಚ್ಛೇದನಕ್ಕೆ ಅವರು ಕೇಳುವುದು ಕೋರ್ಟಿನ ಡಿಕ್ರಿ, ಅಂದರೆ ಅಂತಿಮ ತೀರ್ಪಿನ ಆದೇಶ. ಅದಿಲ್ಲದೆ ನಿಮ್ಮ ಗಂಡ ಇನ್ನೊಂದು ಮದುವೆಯಾದರೆ, ಮೊದಲ ಮದುವೆ ಇರುವಾಗಲೇ ಎರಡನೆಯದು ಮಾಡಿಕೊಂಡ ಲೆಕ್ಕ. ಕೆಲಸಕ್ಕೇ ಕುತ್ತು ಬರುತ್ತದೆ. ಇದನ್ನು ಅವರ ಮನೆಯವರಿಗೆ ಬಿಡಿಸಿ ಹೇಳಿ, ಕೋರ್ಟು ಬೇಡ ಅನ್ನುವ ಹಟ ತಾನಾಗಿ ಇಳಿಯುತ್ತೆ. ಹಿರಿಯರ ಮಾತುಕತೆ ವ್ಯರ್ಥ ಅಂತಲ್ಲ. ಎಷ್ಟು ಹಣ, ಮಗಳು ಯಾರ ಹತ್ತಿರ, ರಜೆಯಲ್ಲಿ ಬಂದಾಗ ತಂದೆ ಮಗಳನ್ನು ನೋಡುವುದು ಹೇಗೆ ಅನ್ನುವುದು ಅಲ್ಲಿ ತೀರ್ಮಾನವಾದರೆ ಕೋರ್ಟಿನ ಕೆಲಸ ಅರ್ಧ ಆದಂತೆ.

ಇಬ್ಬರೂ ಒಪ್ಪಿರುವುದರಿಂದ ಸೆಕ್ಷನ್ 13ಬಿ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ಸುಲಭ. ಒಂದು ವರ್ಷ ಬೇರೆ ಇದ್ದಿರಬೇಕು, ನಿಮ್ಮದು ಮೂರಾಗಿದೆ. ಮೊದಲ ಅರ್ಜಿಗೂ ಎರಡನೆಯ ಹಂತಕ್ಕೂ ನಡುವೆ ಆರು ತಿಂಗಳು ಕಾಯಬೇಕು ಅಂತ ಕಾಯ್ದೆಯಲ್ಲಿದೆ. ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿ, ರಾಜಿ ಪ್ರಯತ್ನವೂ ಫಲಿಸದಿದ್ದರೆ ಆ ಕಾಯುವಿಕೆಯನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವಕೀಲರ ಹತ್ತಿರ ಇದನ್ನು ಕೇಳಲೇಬೇಕು. ರಜೆ ಎಣಿಸಿಕೊಂಡು ಬರುವ ಸೈನಿಕನಿಗೆ ಆರು ತಿಂಗಳು ಅಂದರೆ ಇನ್ನೊಂದು ರಜೆ. ಅರ್ಜಿ ಹಾಕಲು ನೀವು ಅವರ ಪೋಸ್ಟಿಂಗ್ ಜಾಗಕ್ಕಾಗಲಿ, ದೂರದ ಊರಿಗಾಗಲಿ ಹೋಗಬೇಕಿಲ್ಲ. 2003ರ ತಿದ್ದುಪಡಿಯಾದ ಮೇಲೆ ಹೆಂಡತಿ ತಾನು ವಾಸವಿರುವ ಕಡೆಯ ಕೋರ್ಟಿನಲ್ಲೇ ಹಾಕಬಹುದು.

ಈಗ ಸಂಬಳ. ನಿಮ್ಮನ್ನು ಹೆದರಿಸಿದವರು ಹೇಳಿದ್ದು ಅರ್ಧ ನಿಜ. ಆರ್ಮಿ ಆಕ್ಟ್ 1950ರ ಸೆಕ್ಷನ್ 28ರ ಪ್ರಕಾರ ಸೈನಿಕನ ಸಂಬಳ, ಭತ್ಯೆಯನ್ನು ಸಿವಿಲ್ ಕೋರ್ಟು ಜಪ್ತಿ ಮಾಡುವಂತಿಲ್ಲ. ಅವರು ಹೇಳದೆ ಬಿಟ್ಟದ್ದು ಅದೇ ಕಾಯ್ದೆಯ ಸೆಕ್ಷನ್ 91. ಹೆಂಡತಿ ಮಕ್ಕಳ ಜೀವನಕ್ಕೆ ಅಂತ ಜವಾನನ ಸಂಬಳದಿಂದ ಸೈನ್ಯವೇ ಹಣ ಕಡಿಯಬಹುದು. ಅಧಿಕಾರಿಗಳಿಗೆ ಇದೇ ಮಾತು ಸೆಕ್ಷನ್ 90ರಲ್ಲಿದೆ. ಡೈವೋರ್ಸ್ ಕೇಸು ಹಾಕುವ ಮುಂಚೆಯೂ ಇದನ್ನು ಕೇಳಬಹುದು. ನಾನಾಗಿದ್ದರೆ ಮೊದಲು ಇದನ್ನೇ ಮಾಡಿಸುತ್ತಿದ್ದೆ.

ಕಮಾಂಡಿಂಗ್ ಆಫೀಸರ್‌ಗೆ ಒಂದು ಅರ್ಜಿ ಬರೆಯಿರಿ, ಒಂದು ಪ್ರತಿ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ. ಗಂಡನ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಸರಿಯಾಗಿರಲಿ. ನಂಬರ್ ತಪ್ಪಿದ ಅರ್ಜಿ ಎಲ್ಲೆಲ್ಲೋ ಸುತ್ತುತ್ತದೆ. ಮದುವೆಯ ದಾಖಲೆ, ಮಗಳ ಜನನ ಪ್ರಮಾಣ ಪತ್ರ, ಯಾವಾಗಿನಿಂದ ಹಣ ಕಳಿಸಿಲ್ಲ ಅನ್ನುವುದು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಇಷ್ಟಿದ್ದರೆ ಸಾಕು. ಜಗಳದ ಇಡೀ ಕಥೆ ಬರೆಯಬೇಡಿ. ಹತ್ತು ಪುಟದ ದೂರನ್ನು ಯಾವ ಆಫೀಸಿನಲ್ಲೂ ಯಾರೂ ಪೂರ್ತಿ ಓದುವುದಿಲ್ಲ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಇದನ್ನು ಬರೆಯಲು, ಕಳಿಸಲು ಸಹಾಯ ಮಾಡುತ್ತಾರೆ. ಆಮೇಲೆ ಯೂನಿಟ್ ನಿಮ್ಮ ಗಂಡನಿಂದ ಉತ್ತರ ಕೇಳುತ್ತದೆ, ರಾಜಿಗೂ ನೋಡುತ್ತದೆ, ಶಿಫಾರಸು ಮೇಲಕ್ಕೆ ಹೋಗುತ್ತದೆ. ಕೊನೆಯ ಆದೇಶ ಕಮಾಂಡ್ ಮಟ್ಟದಲ್ಲಿ ಆಗುವುದರಿಂದ ತಡವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಹೆಂಡತಿಗೆ ಸಂಬಳದ ಶೇ 22ರ ವರೆಗೆ, ಪ್ರತಿ ಮಗುವಿಗೆ ಶೇ 5.5, ಎಲ್ಲ ಸೇರಿ ಶೇ 33 ಮೀರಬಾರದು ಅನ್ನುವುದು ಸೈನ್ಯದ ಮಿತಿ.

ಆ ಮಿತಿ ಸೈನ್ಯದ್ದು, ಕೋರ್ಟಿನದ್ದಲ್ಲ. ಕೋರ್ಟು ನಿಮ್ಮ ಅಗತ್ಯ, ಅವರ ಆದಾಯ ನೋಡಿ ಬೇರೆಯೇ ಮೊತ್ತ ಹೇಳಬಹುದು. ಹಿಂದೆ ಸಿಆರ್‌ಪಿಸಿ 125 ಅನ್ನುತ್ತಿದ್ದ ಜೀವನಾಂಶದ ಅರ್ಜಿ ಈಗ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 144. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣ ಪತ್ರ ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಮಾಡಿದೆ. ಕೊಡಗಿನಲ್ಲಿ ಇದು ಮುಖ್ಯ. ಪೇ ಸ್ಲಿಪ್ ಒಂದನ್ನೇ ತೋರಿಸಿ ಕಾಫಿ, ಕರಿಮೆಣಸಿನ ಹಣವನ್ನು ಮಾತಿನಲ್ಲೇ ತೇಲಿಸುವುದನ್ನು ಸುಮಾರು ಕಡೆ ನೋಡಿದ್ದೇನೆ. ಅವರ ಪಾಲಿಗೆ ಬರುವ ತೋಟದ ಆದಾಯ ಎಷ್ಟು ಅಂತ ನಿಮ್ಮ ವಕೀಲರು ಕೇಳಲಿ. ಹಾಗಂತ ವಿಚ್ಛೇದನವಾದ ಮಾತ್ರಕ್ಕೆ ಗಂಡನ ಒಕ್ಕದ (ಮನೆತನದ) ಜಮ್ಮಾ ಭೂಮಿಯಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯಲ್ಲಿ, ನಿಮಗೆ ಪಾಲು ಬರುವುದಿಲ್ಲ. ಮಗಳ ಹಕ್ಕು ಬೇರೆ, ಅದನ್ನು ಒಪ್ಪಂದದಲ್ಲಿ ಬಿಟ್ಟುಕೊಟ್ಟು ಸಹಿ ಹಾಕಬೇಡಿ.

ರಜೆ ಸಿಗದಿದ್ದರೆ ಅಂದಿರಲ್ವಾ. ಸೈನಿಕನಿಗೆ ಸಮನ್ಸ್ ಹೋಗುವುದೇ ಕಮಾಂಡಿಂಗ್ ಆಫೀಸರ್ ಮೂಲಕ. ಹಾಗಾಗಿ ಮನೆ ಬಾಗಿಲಿಗೆ ಅಂಟಿಸಿ ಬಂದರೆ ಕೆಲಸ ಮುಗಿಯಲಿಲ್ಲ. ಕೇಸಿಗಾಗಿ ರಜೆ ಕೇಳಿದ್ದಾರೆ ಅಥವಾ ರಜೆ ಸಿಕ್ಕಿದೆ ಅಂತ ಯೂನಿಟ್ ಪ್ರಮಾಣ ಪತ್ರ ಕೊಟ್ಟರೆ, ಆ ರಜೆಯೊಳಗೇ ವಿಚಾರಣೆ ನಡೆಸಲು ಕೋರ್ಟು ಆದಷ್ಟೂ ಅನುವು ಮಾಡಬೇಕು. ಇದು ಆರ್ಮಿ ಆಕ್ಟ್ ಸೆಕ್ಷನ್ 32. ಈ ಕಾಗದದ ವಿಷಯ ಸೈನಿಕರಿಗೇ ಗೊತ್ತಿರುವುದಿಲ್ಲ. ಕೈಲ್‌ಪೋಳ್ದ್‌ಗೋ ಹುತ್ತರಿಗೋ, ಹೀಗೆ ಹಬ್ಬಕ್ಕೆ ಅಂತ ರಜೆ ಹಾಕುತ್ತಾರೆ, ಕೋರ್ಟಿನ ತಾರೀಖು ರಜೆ ಮುಗಿದ ಮೇಲೆ ಬೀಳುತ್ತದೆ. ಈ ಪತ್ರ ತರಲು ಅವರಿಗೆ ಮೊದಲೇ ಹೇಳಿ. ಬರಲು ಸಾಧ್ಯವೇ ಇಲ್ಲದಿದ್ದರೆ ವಿಡಿಯೋ ಕಾನ್ಫರೆನ್ಸ್‌ಗೆ ಕೋರ್ಟಿನ ಅನುಮತಿ ಕೇಳಬಹುದು.

ಅವರು ಬಂದಿಲ್ಲ ಅಂತ ಎಕ್ಸ್ ಪಾರ್ಟೆ, ಅಂದರೆ ಅವರ ಗೈರುಹಾಜರಿಯಲ್ಲಿ ಏಕಪಕ್ಷೀಯ, ಡಿಕ್ರಿ ತೆಗೆದುಕೊಳ್ಳುವ ಅವಸರ ಮಾತ್ರ ಬೇಡ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವವರಿಗೆ 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಶನ್ ಆಕ್ಟ್‌ನ ರಕ್ಷಣೆ ಇದೆ. ಅಂಥ ಡಿಕ್ರಿಯನ್ನು ಆಮೇಲೆ ರದ್ದು ಮಾಡಿಸಲು ಅವಕಾಶವಿದೆ.

ವಕೀಲರ ಫೀಸಿನ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಪಿಂಚಣಿಗೆ ಬರುತ್ತೇನೆ. ಮದುವೆಯಾಗಿ ಹತ್ತು ವರ್ಷವಾಗಿದ್ದರೆ ಪಿಂಚಣಿಯಲ್ಲಿ ಪಾಲು ಅಂತ ಹೇಳುವ ವಿಡಿಯೋಗಳು ಅಮೆರಿಕದವು. ಅಲ್ಲಿ 1982ರ ಕಾನೂನಿನ ಪ್ರಕಾರ ಸೈನಿಕನ ನಿವೃತ್ತಿ ವೇತನವನ್ನು ಕೋರ್ಟು ಪಾಲು ಮಾಡಬಹುದು. ನಮ್ಮಲ್ಲಿ ಹಾಗಿಲ್ಲ. ವಿಚ್ಛೇದನವಾದ ಹೆಂಡತಿಗೆ ಕುಟುಂಬ ಪಿಂಚಣಿಯೂ ಇಲ್ಲ. ಆದ್ದರಿಂದ ಒಂದೇ ಸಲ ತೆಗೆದುಕೊಳ್ಳುವ ಶಾಶ್ವತ ಜೀವನಾಂಶದ ಮೊತ್ತ ಮಾತಾಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗಳು ಮಾತ್ರ ಅವರ ಮಗಳಾಗಿಯೇ ದಾಖಲೆಯಲ್ಲಿ ಉಳಿಯುತ್ತಾಳೆ.

ಡಿಕ್ರಿ ತಾನಾಗಿ ಯೂನಿಟ್ ಸೇರುವುದಿಲ್ಲ. ದೃಢೀಕೃತ ಪ್ರತಿ ಎರಡು ತೆಗೆಸಿ, ಅವರು ಒಂದನ್ನು ಯೂನಿಟ್‌ಗೆ ಕೊಡಲಿ, ಇನ್ನೊಂದನ್ನು ನೀವೇ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ. ಜೊತೆಗೆ ಮಗಳ ಜೀವನಾಂಶ ಯಾವ ಖಾತೆಗೆ ಬರಬೇಕು ಅಂತ ಬರೆಯಿರಿ. ನಿಮ್ಮ ಕ್ಯಾಂಟೀನ್ ಕಾರ್ಡ್, ಡಿಪೆಂಡೆಂಟ್ ಕಾರ್ಡ್ ಎರಡನ್ನೂ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ. ಮಗಳ ಕಾರ್ಡನ್ನೂ ಅದರ ಜೊತೆ ಕೇಳಿದರೆ ಕೊಡಬೇಡಿ.