ಅಡ್ಡಹೆಸರು ಹಿಡಿದು ಹುಡುಕಬೇಡಿ, ಮನೆದೇವರು ಯಾವುದು ಕೇಳಿ

ಮುತ್ತಜ್ಜ ಬಾಗಲಕೋಟೆ ಕಡೆಯವರು, ಅಡ್ಡಹೆಸರು ಉಳ್ಳಾಗಡ್ಡಿ, ಬೇರೆ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನೀವು ಬೆಂಗಳೂರಲ್ಲೇ ಹುಟ್ಟಿ ಬೆಳೆದವರು, ಅಡ್ಡಹೆಸರು ಸಿಕ್ಕರೆ ವಂಶವೇ ಸಿಕ್ಕಿತು ಅಂದುಕೊಂಡಿದ್ದೀರಿ. ನಮ್ಮ ಕಡೆ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ್ದು ಅದನ್ನೇ.

ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ ಇವೆಲ್ಲ ಯಾವತ್ತೋ ಯಾರೋ ಮಾಡಿದ ವ್ಯಾಪಾರದಿಂದ ಬಂದ ಹೆಸರು. ಪತ್ತಾರ, ಬಡಿಗೇರ, ಹೂಗಾರ ಅಂದರೆ ಕಸುಬು. ಹಾದಿಮನಿ ಅಂದರೆ ಹಾದಿ ಪಕ್ಕದ ಮನೆಯವರು. ಎಲ್ಲ ಊರಲ್ಲೂ ಹಾದಿ ಇತ್ತು, ಅದರ ಪಕ್ಕ ಒಂದು ಮನೆಯೂ ಇತ್ತು, ಅಲ್ವಾ? ಎರಡು ಊರಿನ ಹಾದಿಮನಿಯವರು ಸಂಬಂಧಿಕರು ಇರಬೇಕಿಲ್ಲ, ಒಂದೇ ಜಾತಿಯವರೂ ಇರಬೇಕಿಲ್ಲ. ನಮ್ಮ ಮನೆಯದೇ ಕೇಳಿ. ನಾವು ಚಿಕ್ಕೋಡಿ ಕಡೆಯವರು. ನಮ್ಮ ಅಜ್ಜನ ಅಡ್ಡಹೆಸರು ಒಂದು, ಅವರ ಖಾಸಾ ತಮ್ಮನದು ಇನ್ನೊಂದು. ತಮ್ಮ ಮಿರಜದ ಶಾಲೆಗೆ ಸೇರಿದಾಗ ಅಲ್ಲಿನ ಮಾಸ್ತರರು ಊರ ಹೆಸರಿಗೆ 'ಕರ' ಹಚ್ಚಿ ಬರೆದುಕೊಂಡರು, ಅಷ್ಟೇ. ಈಗ ಅವರ ಮೊಮ್ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ, ನಾವು ಕನ್ನಡ. ಕಾಗದದಲ್ಲಿ ನೋಡಿದರೆ ನಾವು ಯಾರೋ, ಅವರು ಯಾರೋ.

ಆದರೆ ಎರಡೂ ಮನೆಯ ಮಕ್ಕಳ ಜವಳ ಇವತ್ತಿಗೂ ಗೊಡಚಿ ವೀರಭದ್ರನ ಹತ್ತಿರವೇ. ಅದಕ್ಕೇ ಹೇಳಿದ್ದು, ಮನೆದೇವರು ಕೇಳಿ ಅಂತ. ಮನುಷ್ಯ ಊರು ಬಿಡುತ್ತಾನೆ, ಕಸುಬು ಬಿಡುತ್ತಾನೆ, ಭಾಷೆಯನ್ನೂ ಬಿಡುತ್ತಾನೆ, ಮನೆದೇವರನ್ನು ಬಿಡೋಕೆ ಮಾತ್ರ ಹೆದರುತ್ತಾನೆ. ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ: ಜವಳ ಎಲ್ಲಿ ತೆಗೆಸುತ್ತಿದ್ದರು, ಲಗ್ನವಾದ ಮೇಲೆ ಹೊಸ ಜೋಡಿಯನ್ನು ಮೊದಲು ಯಾವ ಗುಡಿಗೆ ಕರೆದೊಯ್ಯುತ್ತಿದ್ದರು. ಸವದತ್ತಿ ಯಲ್ಲಮ್ಮ ಅಂದರೆ ಸುಳಿವು ಕಮ್ಮಿ, ಆಕೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಿವೆ. ಬಾದಾಮಿ ಬನಶಂಕರಿ, ಚಿಂಚಲಿ ಮಾಯಕ್ಕ ಅಂದರೂ ಹೆಚ್ಚು ಕಡಿಮೆ ಅದೇ ಕಥೆ. ಯಾವುದೋ ಸಣ್ಣ ಊರಿನ ಕರೆವ್ವನೋ ಬಸವಣ್ಣನೋ ಅಂದರೆ ನಿಮ್ಮ ಪುಣ್ಯ, ಊರೇ ಸಿಕ್ಕಂತೆ. ಜೊತೆಗೆ ಬೆಡಗು, ಅಂದರೆ ಗೋತ್ರದಂಥ ಕುಲದ ಹೆಸರು, ಯಾವುದು ಅಂತಲೂ ಕೇಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ. ಲಗ್ನದ ಮಾತು ಬಂದಾಗ ತಪ್ಪದೆ ಕೇಳುತ್ತಿದ್ದದ್ದರಿಂದ ಅದು ಅಡ್ಡಹೆಸರಿಗಿಂತ ಗಟ್ಟಿಯಾಗಿ ಉಳಿದಿದೆ.

ಊರು ಗೊತ್ತಾದ ಮೇಲೆ ಹೆಳವರು. ನಿಮ್ಮ ಕಡೆ ಈ ಹೆಸರು ಕೇಳಿರಲಿಕ್ಕಿಲ್ಲ. ಮನೆತನಗಳ ವಂಶಾವಳಿ ಬರೆದಿಟ್ಟು ಹಾಡಿ ಹೇಳುವುದೇ ಇವರ ಕಸುಬು. ಹೆಳವ ಅಂದರೆ ಕುಂಟ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬೈಕಲ್ಲಿ ಬರುತ್ತಾರೆ, ವಂಶಾವಳಿಯ ಪುಸ್ತಕ ಮಾತ್ರ ಬಟ್ಟೆಯಲ್ಲಿ ಸುತ್ತಿದ್ದೇ ಇರುತ್ತದೆ. ಯಾವ ಮನೆ ಯಾವ ಹೆಳವರದು ಅಂತ ಅವರವರಲ್ಲೇ ಹಂಚಿಕೆ ಇದೆ. ಕೆಲವು ವರ್ಷಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು, ನಿಮ್ಮ ಮೂಲ ಪುರುಷ ಇಂಥವನು, ಬರಗಾಲದಲ್ಲಿ ಇಂಥ ಊರಿಂದ ಎದ್ದು ಬಂದ, ಅವನಿಗೆ ಮೂರು ಮಂದಿ ಮಕ್ಕಳು ಅಂತ ರಾಗದಲ್ಲಿ ಹೇಳಿ, ಹೋದ ಸಲದಿಂದೀಚೆ ಹುಟ್ಟಿದವರನ್ನು ಬರೆದುಕೊಂಡು, ಕಾಳು ದುಡ್ಡು ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ಹತ್ತಿರದ ನಾಲ್ಕೈದು ತಲೆಮಾರು ಅವರು ಹೇಳಿದ್ದು ಸರಿ ಇರುತ್ತದೆ, ನಾನು ಹೊಲದ ಕಾಗದದ ಜೊತೆ ಇಟ್ಟು ನೋಡಿದ್ದೇನೆ. ಅದರ ಹಿಂದಿನದಕ್ಕೆ ಜರಡಿ ಹಿಡಿಯಿರಿ. ಯಾಕೆಂದರೆ ಬಹಳ ಹಿಂದಕ್ಕೆ ಹೋದರೆ ಎಲ್ಲರ ಮೂಲ ಪುರುಷನೂ ಶೂರನೇ, ಒಬ್ಬನೂ ಸಾಲ ಮಾಡಿ ಓಡಿ ಬಂದವನಿಲ್ಲ!

ಇನ್ನು ಸರ್ಕಾರಿ ಕಾಗದ. ನಿಮ್ಮ ಹಳೆ ಮೈಸೂರಿನ ಲೆಕ್ಕ ಇಲ್ಲಿ ನಡೆಯಲ್ಲ. ನಾವು 1956ರವರೆಗೆ ಮುಂಬೈ ಸರ್ಕಾರದ ಕಡೆಯವರು. ಅದರಲ್ಲೂ ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನ. ಬೆಳಗಾವಿ ಊರಿನೊಳಗೇ ಇರುವ ಶಹಾಪುರ ಸಾಂಗ್ಲಿ ಸಂಸ್ಥಾನದ್ದಾಗಿತ್ತು. 1948ರಲ್ಲಿ ಸಂಸ್ಥಾನಗಳು ಹೋದವು. 1956ರಲ್ಲಿ ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮುಂಬೈ ಕಡೆಯೇ ಉಳಿಯಿತು, ಅಲ್ಲಿನವರು ಕೊಲ್ಲಾಪುರ ಜಿಲ್ಲೆಗೆ ಸೇರಿದರು. ನಿಮ್ಮ ಮುತ್ತಜ್ಜನ ಕಾಲಕ್ಕೆ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ. ಅದಾದದ್ದು 1997ರಲ್ಲಿ, ಅದಕ್ಕೆ ಮೊದಲು ವಿಜಾಪುರ ಜಿಲ್ಲೆ. 1885ಕ್ಕಿಂತ ಹಿಂದಿನ ಕಾಗದವಾದರೆ ಕಲಾದಗಿ ಜಿಲ್ಲೆ ಅಂತ ಇರುತ್ತದೆ, ಗಾಬರಿಯಾಗಬೇಡಿ.

ಇಲ್ಲಿ ಪಹಣಿಗೆ ಉತಾರ ಅನ್ನುತ್ತಾರೆ, ಹೆಸರು ಬದಲಾದ ದಾಖಲೆಗೆ ಡೈರಿ. ಡೈರಿಗಳನ್ನು ಹಿಂದಕ್ಕೆ ಹಿಂದಕ್ಕೆ ತೆಗೆಸಿದರೆ ಯಾರು ಸತ್ತ ಮೇಲೆ ಯಾರ ಹೆಸರು ಬಂತು ಅನ್ನುವುದು ಸರಪಳಿಯಂತೆ ಸಿಗುತ್ತದೆ. ಹಳೆಯವು ಎಷ್ಟೋ ಸಲ ಮರಾಠಿಯಲ್ಲಿ, ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದಲ್ಲಿ. ಮೋಡಿ ಓದುವವರು ಈಗ ಕೈಬೆರಳೆಣಿಕೆ, ಸಾಂಗ್ಲಿ ಕೊಲ್ಲಾಪುರದ ಕಡೆ ಹುಡುಕಬೇಕಾಗುತ್ತದೆ. ಶಕೆ ಅಂತ ವರ್ಷ ಬರೆದಿದ್ದರೆ 78 ಕೂಡಿಸಿ, ಹೆಚ್ಚು ಕಡಿಮೆ ಇಸವಿ ಸಿಗುತ್ತದೆ. ಹೆಸರಿನ ಜೊತೆ ಅ.ಪಾ.ಕ. ಅಂತ ಕಂಡರೆ ಅಲ್ಲೇ ನಿಲ್ಲಿ. ಅಜ್ಞಾನ ಪಾಲನ ಕರ್ತಾ, ಅಂದರೆ ಅಪ್ಪ ಸತ್ತು ಮಕ್ಕಳು ಸಣ್ಣವರಿದ್ದಾಗ ಅವರ ಪರವಾಗಿ ಹೊಲ ನೋಡಿಕೊಂಡವರು. ಎಷ್ಟೋ ಸಲ ಅದು ತಾಯಿಯ ಹೆಸರು. ಹೆಣ್ಣುಮಕ್ಕಳ ಹೆಸರು ನಮ್ಮ ಹಳೆ ಕಾಗದದಲ್ಲಿ ಕಾಣುವ ಜಾಗ ಬಹಳ ಕಮ್ಮಿ, ಅದರಲ್ಲಿ ಇದೊಂದು. ನನ್ನ ಮುತ್ತಜ್ಜಿಯ ಹೆಸರು ನನಗೆ ಸಿಕ್ಕಿದ್ದೇ ಹಾಗೆ. ಅದೂ ಗಂಡನ ಮನೆಯವರು ಲಗ್ನದಲ್ಲಿ ಇಟ್ಟ ಹೆಸರು, ತವರಿನ ಹೆಸರು ಇನ್ನೂ ಸಿಕ್ಕಿಲ್ಲ.

ಕಚೇರಿಯಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಒಂದು ಕಚೇರಿಯ ದಾಖಲೆ ಕೋಣೆಗೆ ನಾನು ಆರು ಸಲ ಹೋಗಿದ್ದೆ. ಕಟ್ಟು ಬಿಚ್ಚಿದರೆ ಗೆದ್ದಲು ತಿಂದು ನಡುವಿನ ಹಾಳೆಗಳೇ ಇಲ್ಲ. ಅಲ್ಲಿನ ಗುಮಾಸ್ತರೇ ಪಾಪ, ಮುಖ ಸಣ್ಣ ಮಾಡಿಕೊಂಡರು.

ಇದಕ್ಕಿಂತ ದೊಡ್ಡ ತೊಡಕು ಜನರ ಅನುಮಾನ. ವಂಶಾವಳಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ವಾಟ್ನಿ (ಆಸ್ತಿ ಪಾಲು), ಕೋರ್ಟು. ನಾನು ದೂರದ ಕಾಕಾ ಒಬ್ಬರ ಮನೆಗೆ ಹೋಗಿ ನಿಮ್ಮ ಅಜ್ಜನ ಹೆಸರೇನು ಅಂದೆ. "ಯಾಕಪ್ಪಾ, ಪಾಲ ಕೇಳಾಕ ಬಂದೀಯೇನು?" ಅಂದರು. ಚಹಾ ಕೊಟ್ಟರು, ಹೆಸರು ಕೊಡಲಿಲ್ಲ. ಈಗ ನಮ್ಮ ಮನೆತನದ ಹತ್ತಿಪ್ಪತ್ತು ಮಂದಿ ಜಾತ್ರೆಗೆ ಗೊಡಚಿಯಲ್ಲಿ ಸೇರುತ್ತೇವೆ, ಅಲ್ಲಿ ಹೊಲದ ಮಾತು ಎತ್ತುವಂತಿಲ್ಲ ಅಂತ ಕರಾರು. ಹೆಸರು, ಊರು, ಫೋಟೋ ಇಷ್ಟೇ. ಆದರೂ ಹಿರಿಯ ಹೆಂಡತಿಯ ಕವಲು ಯಾರು, ಕಿರಿಯಳದು ಯಾರು, ದತ್ತಕ ಹೋದವನನ್ನು ಎಲ್ಲಿ ಬರೆಯಬೇಕು ಅಂತ ಪ್ರತಿ ವರ್ಷ ಜಗಳ. ಮರಾಠಿ ಮಾತಾಡುವ ಆ ತಮ್ಮನ ಮೊಮ್ಮಗನೇ ಎಲ್ಲರ ಹೆಸರು ಬರೆದಿಡುವವನು, ಅವನ ಅಕ್ಷರ ಚಂದ.

ನಿಮ್ಮದು ಬಾಗಲಕೋಟೆ ಆದ್ದರಿಂದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊರು ಸಿಕ್ಕರೂ ಊರು ಇಲ್ಲದೆ ಇರಬಹುದು. ಆಲಮಟ್ಟಿ ಹಿನ್ನೀರಲ್ಲಿ ಎಷ್ಟೋ ಹಳ್ಳಿ ಹೋದವು, ಬಾಗಲಕೋಟೆ ಪ್ಯಾಟಿಯ ಒಂದು ಭಾಗವೂ ಹೋಯಿತು, ಜನ ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದರು. ದೇವರನ್ನು ಎತ್ತಿಕೊಂಡು ಬಂದರು, ಅಜ್ಜಂದಿರ ಗದ್ದುಗೆ ನೀರಲ್ಲೇ ಉಳಿಯಿತು. ಅಲ್ಲಿ ಹೋದಾಗ ಹಳೆ ಊರಿನ ಹೆಸರು ಹೇಳಿ ಕೇಳಿ, ಹೊಸ ಊರಲ್ಲೂ ಓಣಿಗಳನ್ನು ಹಳೆ ಹೆಸರಿಂದಲೇ ಕರೆಯುವ ಮುದುಕರು ಸಿಗುತ್ತಾರೆ.

ಸುಗ್ಗಿ ಮುಗಿದ ಮೇಲೆ ಬನ್ನಿ. ಹೆಳವರು ತಿರುಗಾಡುವುದು ಸಾಮಾನ್ಯವಾಗಿ ಆಗಲೇ, ರೈತರೂ ಮಾತಿಗೆ ಸಿಗುತ್ತಾರೆ. ಅಷ್ಟರೊಳಗೆ ಮನೆದೇವರು, ಬೆಡಗು, ಮುತ್ತಜ್ಜಿಯ ತವರೂರು, ಈ ಮೂರನ್ನು ವಿಚಾರಿಸಿ ಇಟ್ಟುಕೊಂಡಿರಿ.