ಪಿಟೀಲು ಪೂರ್ತಿ ಹದಕ್ಕೆ ಬಂದ ಮೇಲೆ ಜನರೆದುರು ನುಡಿಸೋದೇ ಸರಿಯಲ್ವಾ?

ಗೀತೆಗಳನ್ನು ದಾಟಿ ಅದಕ್ಕಿಂತ ದೊಡ್ಡ ರಚನೆಯಾದ ವರ್ಣದವರೆಗೆ ಬಂದಿದ್ದೀರಿ, ಜನರೆದುರು ನುಡಿಸುವಷ್ಟು ಹದ ಬಂದಿಲ್ಲ, ಕಾಯಲಾ ಅಂತ ಕೇಳಿದ್ದೀರಿ. ನಾನೂ ಹೀಗೇ ಕಾದವನು. ಮಡಿಕೇರಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಸಾಧನೆ ಮಾಡುತ್ತಿದ್ದೆ. ಗಣಪತಿ ಹಬ್ಬಕ್ಕೆ ಒಂದು ವರ್ಣ ನುಡಿಸು ಅಂತ ಮೇಷ್ಟ್ರು ಅಂದಾಗೆಲ್ಲ ನೆಪ ರೆಡಿ ಇರುತ್ತಿತ್ತು. ಮಳೆಗೆ ತಂತಿ ಬಿಗಿಸುವ ಬಿರಡೆ ಉಬ್ಬಿದೆ, ಶ್ರುತಿ ಸೇರುತ್ತಿಲ್ಲ ಸರ್! ಕೊಡಗಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಒಂದು ವರ್ಷ ತಪ್ಪಿಸಿಕೊಳ್ಳಲು ಆಗಲಿಲ್ಲ. ಮೋಹನ ರಾಗ, ಆದಿತಾಳದ ವರ್ಣ, ಪಕ್ಕದಲ್ಲಿ ಮೃದಂಗ. ಚರಣ ಅಂದರೆ ವರ್ಣದ ಎರಡನೇ ಭಾಗ. ಅದರ ಸಾಲಿನ ನಂತರ ಬರುವ ಎತ್ತುಗಡೆ ಸ್ವರದಲ್ಲಿ ಬೆರಳು ಜಾರಿತು. ಸಣ್ಣದು, ಪೆಂಡಾಲಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಕಮಾನು ಎತ್ತಿ ಮತ್ತೆ ಚರಣದ ಮೊದಲಿಗೆ ಹೋದೆ. ಮೃದಂಗದವರು ಪಾಪ ನಾಲ್ಕನೇ ಎಣಿಕೆಯಲ್ಲಿ, ನಾನು ಒಂದರಲ್ಲಿ. ಅಲ್ಲಿಂದ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿದ್ದೇ ಆಯಿತು.

ಹೆದರಿ ಹಾಗಾಯಿತು ಅಂತ ಎಲ್ಲರೂ ಅಂದರು. ಅಲ್ಲ. ನಾನು ಅಭ್ಯಾಸ ಮಾಡಿದ್ದೇ ಅದನ್ನು! ಮನೆಯಲ್ಲಿ ಒಂದು ಸ್ವರ ತಪ್ಪಿದರೆ ಸಾಕು, ನಿಲ್ಲಿಸುತ್ತಿದ್ದೆ, ಹಿಂದಕ್ಕೆ ಹೋಗುತ್ತಿದ್ದೆ. ವರ್ಣಕ್ಕಿಂತ ಗಟ್ಟಿಯಾಗಿ ಆ ನಿಲ್ಲಿಸುವ ಚಾಳಿಯೇ ಕೈಗೆ ಹತ್ತಿತ್ತು. ಇನ್ನೊಂದು ನೋಡಿ. ಪ್ರತಿಸಲ ಮೊದಲಿಂದ ಶುರು ಮಾಡಿ ಮಾಡಿ ಪಲ್ಲವಿ ನೀರು ಕುಡಿದ ಹಾಗೆ ಬರುತ್ತಿತ್ತು. ಕೊನೆಯ ಸ್ವರಗಳ ತನಕ ತಲುಪಿದ್ದೇ ಕಮ್ಮಿ. ಒಬ್ಬರೇ ಕೂತಾಗ ತಾಳ ನಮಗೋಸ್ಕರ ಕಾಯುತ್ತದೆ. ಹಾಗಾಗಿ ಇದು ಗೊತ್ತೇ ಆಗಲ್ಲ.

ಆಮೇಲೆ ನಾಚಿಕೆಯಿಂದ ಪಿಟೀಲು ಪೆಟ್ಟಿಗೆ ಸೇರಿತು. ಮುಂದಿನ ಮಳೆಗಾಲ ಕಳೆದು ತೆಗೆದರೆ ಕಮಾನಿನ ಕೂದಲಿಗೆಲ್ಲ ಬೂಷ್ಟು.

ಹಾಗಾಗಿ ಕಾಯಬೇಡಿ. ಧೈರ್ಯ ಬರುತ್ತದೆ, ವೇದಿಕೆ ಹತ್ತಿ ಅನ್ನುವವರ ಮಾತೂ ನನಗೆ ಹಿಡಿಸಲ್ಲ. ಧೈರ್ಯದ ಪ್ರಶ್ನೆಯೇ ಅಲ್ಲ ಇದು. ತಪ್ಪಿದ ಮೇಲೂ ಮುಂದೆ ಹೋಗೋದನ್ನ ಕಲಿಯಬೇಕು, ಅದಕ್ಕೆ ಕೇಳುವವರು ಬೇಕು. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಮನೆ ಮನೆಗೆ ಹಾಡಿಕೊಂಡು ಹೋಗುವವರನ್ನು ನೋಡಿದ್ದೀರಲ್ಲ? ಜೊತೆಗೆ ಸೇರುವ ಹುಡುಗರಿಗೆ ಹದ ಬಂತಾ ಅಂತ ಯಾರೂ ಕೇಳಲ್ಲ. ಪದ ಮರೆತರೆ ಗುನುಗುತ್ತಾರೆ, ಮುಂದಿನ ಸಾಲಿಗೆ ಸೇರಿಕೊಳ್ಳುತ್ತಾರೆ. ದುಡಿ ನಿಲ್ಲಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಲಲ್ವಾ ಅಂದರೆ, ಸಾಲದು. ಅದನ್ನು ಅಳಿಸಬಹುದು. ನಾನು ಮತ್ತೆ ಶುರು ಮಾಡಿದ್ದು ಜಗಲಿಯಲ್ಲಿ ಕರಿಮೆಣಸು ಬಿಡಿಸುತ್ತಾ ಕೂತ ಅತ್ತೆಯ ಮುಂದೆ. ಅವರಿಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ನಾನು ನಿಲ್ಲಿಸಿದರೆ ಮಾತ್ರ ತಲೆ ಎತ್ತಿ "ಯಾಕೆ, ಮುಗೀತಾ?" ಅನ್ನುತ್ತಿದ್ದರು. ಆ ಒಂದು ಮಾತಿಗೆ ನನ್ನ ಚಾಳಿ ಬಿಟ್ಟುಹೋಯಿತು.

ಈ ಸಲದ ಗಣಪತಿಗೆ ಹೆಸರು ಕೊಟ್ಟುಬಿಡಿ. ಈಗ ಕಲಿಯುತ್ತಿರುವುದು ಬೇಡ, ಹಳೆಯದೊಂದು ವರ್ಣ ಸಾಕು, ಗೀತೆಯಾದರೂ ಪರವಾಗಿಲ್ಲ. ಮನೆಯಲ್ಲಿ ಚರಣದಿಂದ ಶುರು ಮಾಡಿ ಅಭ್ಯಾಸ ಮಾಡಿ. ಮೃದಂಗದವರ ಜೊತೆ ಮುಂಚೆಯೇ ಒಮ್ಮೆ ಕೂತುಕೊಳ್ಳಿ. ಎಲ್ಲಾದರೂ ಜಾರಿದರೆ ಮುಂದಿನ ಆವರ್ತದ ಸಮಕ್ಕೆ, ಅಂದರೆ ತಾಳದ ಮುಂದಿನ ಸುತ್ತಿನ ಮೊದಲ ಎಣಿಕೆಗೆ, ಬಂದು ಸೇರಿಕೊಳ್ತೀನಿ ಅಂತ ಅವರಿಗೆ ಹೇಳಿಡಿ.